ಒಂದೇ ಪಂಕ್ತಿಯ ಊಟ: ನ್ಯೂಯಾರ್ಕಿನಿಂದ ಸಾತಾರಾಕ್ಕೆ, ಸಾತಾರಾದಿಂದ ಪುಣೆಗೆ

ಆಗಸ್ಟ್ ತಿಂಗಳ ಮೊದಲ ಭಾನುವಾರ ಬಂತೆಂದರೆ ಪುಣೆಯ ಕಾಲೇಜು ಹುಡುಗರ ಕೈತುಂಬ ಬಣ್ಣಬಣ್ಣದ ಪಟ್ಟಿಗಳು. ಫ್ರೆಂಡ್‌ಶಿಪ್ ಡೇ! ಅದರ ಹಿಂದೆಮುಂದೆ ಕಾಲೇಜುಗಳಲ್ಲಿ ಕಾರ್ಯಕ್ರಮಗಳೂ ಆಗುತ್ತವೆ. ಒಂದು ಕಡೆ ಯುವಜನ ಮತ್ತು ಶಾಂತಿ ಅಂತ ಭಾಷಣ, ಇನ್ನೊಂದು ಕಡೆ ಸ್ನೇಹ-ಸಂಬಂಧಗಳನ್ನು ನಿಭಾಯಿಸುವುದು ಹೇಗೆ ಅಂತ ಕೌನ್ಸೆಲರ್ ಒಬ್ಬರ ಕಾರ್ಯಾಗಾರ, ಮತ್ತೊಂದು ಕಡೆ ನಾನಾ ರಾಜ್ಯಗಳ ತಿಂಡಿ ಮೇಳ. ನಮ್ಮ ವಯಸ್ಸಿನವರು ಇದನ್ನೆಲ್ಲ ನೋಡಿ ನಗುತ್ತಾರೆ. “ಸ್ನೇಹ ಮಾಡೋದನ್ನೂ ಕಾರ್ಯಕ್ರಮ ಇಟ್ಟು ಕಲಿಸಬೇಕೇನ್ರಿ?” ಅಂತ ಕೇಳುತ್ತಾರೆ.

ನನಗೆ ಮಾತ್ರ ನಗು ಬರುವುದಿಲ್ಲ. ಹೌದು, ಕಲಿಸಬೇಕಾಗುತ್ತದೆ. ನೂರು ವರ್ಷಕ್ಕೂ ಹಿಂದೆಯೇ ಕೆಲವರಿಗೆ ಇದು ಹೊಳೆದಿತ್ತು. ಆದರೆ ಅವರು ಭಾಷಣದಿಂದ ಶುರು ಮಾಡಲಿಲ್ಲ, ಊಟದಿಂದ ಶುರು ಮಾಡಿದರು. ಈ ಇತಿಹಾಸದ ಒಂದು ದೊಡ್ಡ ಭಾಗ ನಾನು ಮೂವತ್ತು ವರ್ಷಗಳಿಂದ ಊರಿಗೆ ಹೋಗಿಬರುವ ರಸ್ತೆಯ ಮೇಲೇ ಇದೆ. ಪುಣೆ ಬಿಟ್ಟರೆ ಸಾತಾರಾ, ಕರಾಡ, ಕೊಲ್ಲಾಪುರ, ನಿಪ್ಪಾಣಿ, ಆಮೇಲೆ ನಮ್ಮ ಸಂಕೇಶ್ವರ. ಎಷ್ಟೋ ವರ್ಷ ಬಸ್ಸಿನಲ್ಲಿ ನಿದ್ದೆ ಹೊಡೆಯುತ್ತ ದಾಟಿದ ಊರುಗಳಿವು!

ಇದನ್ನು ಈಗ ಬರೆಯಲು ಇನ್ನೊಂದು ಕಾರಣವೂ ಇದೆ. ನಾನು ಸದಸ್ಯನಾಗಿರುವ ಒಂದು ಸಣ್ಣ ಕನ್ನಡ ಬಳಗದಲ್ಲಿ, ಇಲ್ಲಿಗೆ ಓದಲು ಬರುವ ಮಕ್ಕಳಿಗಾಗಿ ಬಾಡಿಗೆ ಮನೆ ಹಿಡಿದು ಇಪ್ಪತ್ತು ಹಾಸಿಗೆಗಳ ಒಂದು ಹಾಸ್ಟೆಲ್ ಮಾಡೋಣ ಎಂಬ ಮಾತು ನಡೆದಿದೆ. ದುಡ್ಡಿನ ಲೆಕ್ಕ ನನ್ನ ತಲೆಗೆ ಬಂದಿದೆ (ಬ್ಯಾಂಕಿನವರ ಹಣೆಬರಹ!). ಲೆಕ್ಕ ಹೇಗೋ ಕೂಡಿಬರುತ್ತಿದೆ. ಆದರೆ ಒಂದು ಪ್ರಶ್ನೆ ಕೂಡಿಬರುತ್ತಿಲ್ಲ: ಈ ಹಾಸ್ಟೆಲ್ ನಮ್ಮವರಿಗೆ ಮಾತ್ರವೋ, ಎಲ್ಲರಿಗೂ ಬಾಗಿಲು ತೆಗೆಯಬೇಕೋ? ಆ ಪ್ರಶ್ನೆ ತಲೆಯಲ್ಲಿಟ್ಟುಕೊಂಡೇ ನಾನು ಈ ಹಳೆಯ ಕಥೆಗಳನ್ನು ಓದತೊಡಗಿದೆ. ನಾನು ಬಿ.ಕಾಂ. ಮಾಡಿದವನು, ಇತಿಹಾಸ ನನಗೆ ಬರೀ ಹವ್ಯಾಸ. ಹಾಗಾಗಿ ಸರಳವಾಗಿಯೇ ಹೇಳುತ್ತೇನೆ.

ಮೊದಲು ಅಮೆರಿಕಕ್ಕೆ ಹೋಗಿಬರೋಣ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಚೀನಾ, ಜಪಾನ್, ಭಾರತ, ಲ್ಯಾಟಿನ್ ಅಮೆರಿಕಗಳಿಂದ ವಿದ್ಯಾರ್ಥಿಗಳು ಬರತೊಡಗಿದ್ದರು. ತರಗತಿಯಲ್ಲಿ ಜಾಗ ಸಿಕ್ಕಿತು, ಆದರೆ ತರಗತಿ ಮುಗಿದ ಮೇಲೆ ಕೇಳುವವರಿಲ್ಲ. 1903ರಲ್ಲಿ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಒಂದು ಅಂತರರಾಷ್ಟ್ರೀಯ ಕ್ಲಬ್ ಕಟ್ಟಿಕೊಂಡರು. 1904ರಲ್ಲಿ ಕಾರ್ನೆಲ್‌ನಲ್ಲಿ ಕಾಸ್ಮೊಪಾಲಿಟನ್ ಕ್ಲಬ್ ಶುರುವಾಯಿತು. 1907ರ ಹೊತ್ತಿಗೆ ಇಂಥ ಕ್ಲಬ್ಬುಗಳ ಒಕ್ಕೂಟವೇ ಆಯಿತು. ಇವರ ಮುಖ್ಯ ಕಾರ್ಯಕ್ರಮ ಏನು ಗೊತ್ತೇ? ಒಂದೊಂದು ಸಂಜೆ ಒಂದೊಂದು ದೇಶದ್ದು. ಆ ದೇಶದ ಹುಡುಗರು ತಮ್ಮ ಹಾಡು, ತಮ್ಮ ಕಥೆ, ತಮ್ಮ ಊರಿನ ಸುದ್ದಿ ಹೇಳುವುದು, ಉಳಿದವರು ಕೇಳುವುದು. ಈಗಿನ ಕಾಲೇಜುಗಳ ‘ಕಲ್ಚರಲ್ ನೈಟ್’ ಇದೆಯಲ್ಲ, ಅದರ ಅಜ್ಜ ಇದು ಅನ್ನಬಹುದು.

1909ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಸಣ್ಣ ಘಟನೆ ನಡೆಯಿತು. ಹ್ಯಾರಿ ಎಡ್ಮಂಡ್ಸ್ ಅಂತ ಒಬ್ಬರು, ವೈ.ಎಂ.ಸಿ.ಎ.ಯಲ್ಲಿ ಕೆಲಸ ಮಾಡುತ್ತಿದ್ದ ಯುವಕ. ಒಂದು ಬೆಳಿಗ್ಗೆ ಕೊಲಂಬಿಯಾ ವಿಶ್ವವಿದ್ಯಾಲಯದ ಗ್ರಂಥಾಲಯದ ಮೆಟ್ಟಿಲ ಮೇಲೆ ಎದುರಾದ ಚೀನೀ ವಿದ್ಯಾರ್ಥಿಯೊಬ್ಬನಿಗೆ ಸುಮ್ಮನೆ ‘ಗುಡ್ ಮಾರ್ನಿಂಗ್’ ಅಂದರು. ಮುಂದೆ ಹೋಗುತ್ತಿದ್ದವರನ್ನು ಆ ಹುಡುಗ ನಿಲ್ಲಿಸಿದ. ತಾನು ನ್ಯೂಯಾರ್ಕಿಗೆ ಬಂದು ಮೂರು ವಾರವಾಯಿತು, ತನ್ನನ್ನು ಮಾತಾಡಿಸಿದ ಮೊದಲ ಮನುಷ್ಯ ನೀವೇ ಎಂದನಂತೆ. ಎಡ್ಮಂಡ್ಸ್ ಮನೆಗೆ ಹೋಗಿ ಹೆಂಡತಿ ಫ್ಲಾರೆನ್ಸ್‌ಗೆ ಇದನ್ನು ಹೇಳಿದರು. ಏನಾದರೂ ಮಾಡಬೇಕಲ್ಲ ಅಂತ ಇಬ್ಬರೂ ಯೋಚಿಸಿ, ವಿದೇಶದ ವಿದ್ಯಾರ್ಥಿಗಳನ್ನು ಭಾನುವಾರ ಸಂಜೆ ಮನೆಗೆ ಊಟಕ್ಕೆ ಕರೆಯತೊಡಗಿದರು. ಭಾನುವಾರವೇ ಯಾಕೆ? ಮನೆ ಬಿಟ್ಟು ದೂರ ಇದ್ದವರನ್ನು ಕೇಳಿ ನೋಡಿ, ಹೇಳುತ್ತಾರೆ. ವಾರವಿಡೀ ಹೇಗೋ ಕಳೆಯುತ್ತದೆ, ಭಾನುವಾರ ಸಂಜೆ ಕಳೆಯುವುದೇ ಇಲ್ಲ. ನಾನು ಪುಣೆಗೆ ಬಂದ ಮೊದಲ ವರ್ಷ ಖಾನಾವಳಿಗೆ ಭಾನುವಾರ ರಾತ್ರಿ ರಜೆ ಇರುತ್ತಿತ್ತು. ಆ ರಾತ್ರಿಗಳು ನನಗೆ ಇನ್ನೂ ನೆನಪಿವೆ.

ಬರುವವರು ಹೆಚ್ಚಿದಂತೆ ಮನೆ ಸಾಲದಾಯಿತು. ಅಲ್ಲೂ ಒಂದು ಕಾಸ್ಮೊಪಾಲಿಟನ್ ಕ್ಲಬ್ ಆಯಿತು. ಕೊನೆಗೆ ಇವರೆಲ್ಲ ಒಂದೇ ಸೂರಿನಡಿ ಇರುವಂಥ ಮನೆ ಬೇಕು ಅನ್ನಿಸಿ ಎಡ್ಮಂಡ್ಸ್ ದಾನಿಗಳ ಬಾಗಿಲು ತಟ್ಟಿದರು. ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ದೊಡ್ಡ ಮೊತ್ತ ಕೊಟ್ಟರು. 1924ರಲ್ಲಿ ರಿವರ್‌ಸೈಡ್ ಡ್ರೈವ್ ರಸ್ತೆಯಲ್ಲಿ ‘ಇಂಟರ್‌ನ್ಯಾಷನಲ್ ಹೌಸ್’ ತೆರೆಯಿತು. ಈ 1924 ಎಂಬ ಇಸವಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಸಾತಾರಾದಲ್ಲಿ ಮತ್ತೆ ಬರುತ್ತದೆ.

ಆ ಕಟ್ಟಡ ಏಳುವ ಮೊದಲೇ, 1913ರ ಜುಲೈನಲ್ಲಿ, ಬರೋಡಾ ಮಹಾರಾಜರ ವಿದ್ಯಾರ್ಥಿವೇತನದ ಮೇಲೆ ಇಪ್ಪತ್ತೆರಡು ವರ್ಷದ ಒಬ್ಬ ಯುವಕ ಕೊಲಂಬಿಯಾಕ್ಕೆ ಬಂದಿಳಿದಿದ್ದ. ಭೀಮರಾವ್ ಅಂಬೇಡ್ಕರ್. ಮೊದಲು ವಿಶ್ವವಿದ್ಯಾಲಯದ ಹಾಸ್ಟೆಲ್ಲಿಗೆ ಹೋದರು, ಊಟ ಹಿಡಿಸಲಿಲ್ಲ. ಅಲ್ಲಿಂದ ಕಾಸ್ಮೊಪಾಲಿಟನ್ ಕ್ಲಬ್ಬಿನ ಮನೆಗೆ ಬಂದು ಕೆಲಕಾಲ ಇದ್ದರು. ಆಮೇಲೆ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಕೋಣೆ ಸಿಕ್ಕಿತು. ಜೊತೆಗಿದ್ದವರು ನವಲ್ ಭತೇನಾ ಎಂಬ ಪಾರ್ಸಿ ವಿದ್ಯಾರ್ಥಿ. ಹುಟ್ಟಿದಂದಿನಿಂದ ನೀರಿನ ಕೊಡ ಮುಟ್ಟಲೂ ಹಕ್ಕಿಲ್ಲದೆ ಬೆಳೆದ ಮನುಷ್ಯನಿಗೆ ಒಂದೇ ಕೋಣೆ, ಒಂದೇ ಮೇಜು, ಒಂದೇ ಊಟದ ಪಂಕ್ತಿ. ಅವರ ವಿಚಾರಗಳು ಅಲ್ಲಿನ ಪ್ರಾಧ್ಯಾಪಕರಿಂದ, ಪುಸ್ತಕಗಳಿಂದ ಬೆಳೆದವು ಅನ್ನುತ್ತಾರೆ. ನಿಜವೇ. ಆದರೆ ಸರಿಸಮಾನವಾಗಿ ಕೂತು ಉಣ್ಣುವುದು ಅಂದರೆ ಹೇಗಿರುತ್ತದೆ ಎಂಬುದನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ.

ಇದಾದ ಮೇಲಿನ ಕಥೆ ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿರಬಹುದು. 1917ರಲ್ಲಿ ಅವರು ಬರೋಡಾದಲ್ಲಿ ನೌಕರಿಗೆ ಸೇರಲು ಬಂದರು. ಅಷ್ಟು ಓದಿ ಬಂದವರಿಗೆ ಆ ಊರಿನಲ್ಲಿ ಒಂದು ಕೋಣೆ ಸಿಗಲಿಲ್ಲ. ಪಾರ್ಸಿಗಳ ಒಂದು ವಸತಿಗೃಹದಲ್ಲಿ ಪಾರ್ಸಿ ಹೆಸರು ಬರೆಸಿ ಉಳಿದುಕೊಂಡರು. ಹನ್ನೊಂದನೇ ದಿನ ಕೈಯಲ್ಲಿ ಬಡಿಗೆ ಹಿಡಿದ ಹತ್ತಾರು ಪಾರ್ಸಿಗಳು ಬಂದು ಹೊರಗೆ ಹಾಕಿದರು. ಅಲ್ಲಿದ್ದ ಇಬ್ಬರು ಗೆಳೆಯರನ್ನು ಕೇಳಿದರೆ ಇಬ್ಬರೂ ನೆಪ ಹೇಳಿ ಜಾರಿಕೊಂಡರು. ರೈಲಿನ ಹೊತ್ತಿನ ತನಕ ಸಾರ್ವಜನಿಕ ತೋಟದಲ್ಲಿ ಕೂತು, ರಾತ್ರಿ ಮುಂಬಯಿಗೆ ಹೊರಟುಬಿಟ್ಟರು. ‘ವೇಟಿಂಗ್ ಫಾರ್ ಎ ವೀಸಾ’ ಎಂಬ ತಮ್ಮ ಬರಹದಲ್ಲಿ ಅವರೇ ಇದನ್ನೆಲ್ಲ ಹೇಳಿದ್ದಾರೆ.

ನೋಡಿ, ನ್ಯೂಯಾರ್ಕಿನಲ್ಲಿ ಕೋಣೆ ಹಂಚಿಕೊಂಡವರು ಒಬ್ಬ ಪಾರ್ಸಿ. ಬರೋಡಾದಲ್ಲಿ ಬಡಿಗೆ ಹಿಡಿದು ಬಂದವರೂ ಪಾರ್ಸಿಗಳೇ. ಇದರಲ್ಲಿ ಪಾರ್ಸಿಗಳನ್ನು ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಯಾವ ಜನಾಂಗದ ಹೆಸರು ಹಾಕಿದರೂ ಕಥೆ ಅಷ್ಟೇ. ಒಂದು ಕಡೆ ಇಬ್ಬರು ಜೊತೆಗೆ ಬದುಕಿದ್ದರು, ಇನ್ನೊಂದು ಕಡೆ ಆ ಜನಕ್ಕೆ ಆತನ ಜಾತಿಯ ಹೆಸರು ಬಿಟ್ಟರೆ ಬೇರೇನೂ ಗೊತ್ತಿರಲಿಲ್ಲ. 1920ರಲ್ಲಿ ಅಂಬೇಡ್ಕರರು ಅರ್ಧಕ್ಕೆ ನಿಂತ ಓದು ಮುಗಿಸಲು ಮತ್ತೆ ಲಂಡನ್ನಿಗೆ ಹೊರಟಾಗ ಕೈಯಲ್ಲಿದ್ದ ಉಳಿತಾಯ ಸಾಲಲಿಲ್ಲ. ಸಾಲ ಕೊಟ್ಟವರು ಅದೇ ನವಲ್ ಭತೇನಾ. ಸಾಲ ಕೊಡುವಾಗ ನಮ್ಮ ಬ್ಯಾಂಕಿನಲ್ಲಿ ಏನೆಲ್ಲ ಕೇಳುತ್ತೇವೆ! ಸಂಬಳದ ಚೀಟಿ, ಆಸ್ತಿಯ ಕಾಗದ, ಇಬ್ಬರು ಜಾಮೀನುದಾರರು. ಇಲ್ಲಿ ಒಂದೇ ಕೋಣೆಯಲ್ಲಿ ಓದಿದ್ದೇ ಜಾಮೀನು.

ಈಗ ನಮ್ಮ ರಸ್ತೆಗೆ ಬರೋಣ. ಕೊಲ್ಲಾಪುರದ ಶಾಹೂ ಮಹಾರಾಜರು ವಿದ್ಯಾರ್ಥಿ ವಸತಿಗೃಹಗಳಿಗೆ ಹೆಸರಾದವರು. ಮೊದಲು ಎಲ್ಲ ಜಾತಿಯವರಿಗೂ ಅಂತ ಇದ್ದ ಹಾಸ್ಟೆಲ್ಲಿನಲ್ಲಿ ವಾಸ್ತವದಲ್ಲಿ ಮೇಲ್ಜಾತಿಯವರೇ ತುಂಬಿಕೊಂಡರು. ಹಳ್ಳಿಯ ರೈತರ ಮಕ್ಕಳು ಬರಲೇ ಇಲ್ಲ. ಊಟದ ಮಡಿ-ಮೈಲಿಗೆ ಅಷ್ಟು ಬಿಗಿಯಾಗಿದ್ದ ಕಾಲ. ಆಗ ಮಹಾರಾಜರು ದಾರಿ ಬದಲಿಸಿದರು. 1901ರಿಂದ ಒಂದೊಂದು ಸಮಾಜಕ್ಕೆ ಒಂದೊಂದು ಬೋರ್ಡಿಂಗ್ ಆಗುವಂತೆ ಜಾಗ, ಹಣ ಕೊಟ್ಟರು. ಮರಾಠರಿಗೆ, ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಹೀಗೆ. 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗಾಗಿ ಮಿಸ್ ಕ್ಲಾರ್ಕ್ ಬೋರ್ಡಿಂಗ್ ಆಯಿತು. ಇವತ್ತು ನಾವು ‘ಜಾತಿಗೊಂದು ಹಾಸ್ಟೆಲ್ಲೇ?’ ಅಂತ ಮೂಗು ಮುರಿಯಬಹುದು. ಆದರೆ ಆ ಬೋರ್ಡಿಂಗುಗಳು ಇಲ್ಲದಿದ್ದರೆ ಎಷ್ಟೋ ಮನೆತನಗಳಲ್ಲಿ ಮೊದಲ ಅಕ್ಷರಸ್ಥ ಹುಟ್ಟುತ್ತಲೇ ಇರಲಿಲ್ಲ. ನಮ್ಮ ಕರ್ನಾಟಕದಲ್ಲಿಯೂ ಹೀಗೇ ಆಯಿತು. ನಾನೇ ಬೆಳಗಾವಿಯಲ್ಲಿ ಬಿ.ಕಾಂ. ಮಾಡಿದ್ದು ಒಂದು ಸಮಾಜದ ಬೋರ್ಡಿಂಗಿನಲ್ಲಿ ಇದ್ದುಕೊಂಡು. ಅಲ್ಲಿನ ಜೋಳದ ರೊಟ್ಟಿಯ ಋಣ ನನ್ನ ಮೇಲಿದೆ. ಅದೇ ಹೊತ್ತಿಗೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಮೂರು ವರ್ಷಗಳಲ್ಲಿ ಬೇರೆ ಸಮಾಜದ ಒಬ್ಬ ಹುಡುಗನೂ ನಮ್ಮ ಪಂಕ್ತಿಯಲ್ಲಿ ಕೂತು ಉಂಡದ್ದು ನನಗೆ ನೆನಪಿಲ್ಲ.

ಈ ಎರಡನೇ ಮಾತು ಕೊಲ್ಲಾಪುರದಲ್ಲೇ ಒಬ್ಬ ಹುಡುಗನಿಗೆ ಚುಚ್ಚಿತ್ತು. ಭಾವೂರಾವ್ ಪಾಟೀಲ, 1887ರಲ್ಲಿ ಕೊಲ್ಲಾಪುರ ಜಿಲ್ಲೆಯ ಕುಂಭೋಜದಲ್ಲಿ ಹುಟ್ಟಿದವರು. ಜೈನ ರೈತ ಮನೆತನ, ಹಿರಿಯರು ನಮ್ಮ ಮೂಡಬಿದಿರೆ ಕಡೆಯಿಂದ ಬಂದವರೆಂದು ಹೇಳುತ್ತಾರೆ. ಕೊಲ್ಲಾಪುರದ ಜೈನ ಬೋರ್ಡಿಂಗಿನಲ್ಲಿದ್ದು ಓದುತ್ತಿದ್ದರು. ಮಿಸ್ ಕ್ಲಾರ್ಕ್ ಬೋರ್ಡಿಂಗಿನ ಸಮಾರಂಭಕ್ಕೆ ಹೋಗಿಬಂದರು. ಬಂದ ಮೇಲೆ ಸ್ನಾನ ಮಾಡಿ ಒಳಗೆ ಬಾ ಅಂದರೆ ಒಪ್ಪಲಿಲ್ಲ. ಬೋರ್ಡಿಂಗಿನಿಂದ ಹೊರಗೆ ಹಾಕಿದರು! ಹಟಮಾರಿ ಹುಡುಗನಿಗೆ ಶಾಹೂ ಮಹಾರಾಜರೇ ಆಸರೆ ಕೊಟ್ಟರು.

ಓದು ಮೆಟ್ರಿಕ್ ತನಕವೂ ಸರಿಯಾಗಿ ಸಾಗದ ಈ ಮನುಷ್ಯ 1919ರಲ್ಲಿ ಕರಾಡದ ಹತ್ತಿರದ ಕಾಲೆ ಎಂಬ ಹಳ್ಳಿಯಲ್ಲಿ ‘ರಯತ್ ಶಿಕ್ಷಣ ಸಂಸ್ಥೆ’ ಕಟ್ಟಿದರು. 1924ರಲ್ಲಿ ಸಾತಾರಾಕ್ಕೆ ಬಂದು ಒಂದು ಬೋರ್ಡಿಂಗ್ ತೆರೆದರು. ನೋಡಿ, ನ್ಯೂಯಾರ್ಕಿನಲ್ಲಿ ರಾಕ್‌ಫೆಲ್ಲರ್ ಹಣದ ಕಟ್ಟಡ ತೆರೆದ ಅದೇ ವರ್ಷ. ಇಲ್ಲಿ ರಾಕ್‌ಫೆಲ್ಲರ್ ಇರಲಿಲ್ಲ. ಮರಾಠ, ಮಹಾರ, ಮಾಂಗ, ಜೈನ, ಮುಸ್ಲಿಂ, ಎಲ್ಲರ ಮಕ್ಕಳೂ ಒಂದೇ ಸೂರಿನಡಿ. ಮಕ್ಕಳೇ ಹಿಟ್ಟು ನಾದಬೇಕು, ಮಕ್ಕಳೇ ಭಾಕ್ರಿ ಬಡಿಯಬೇಕು, ಒಂದೇ ಪಂಕ್ತಿಯಲ್ಲಿ ಉಣ್ಣಬೇಕು. ಆ ಕಾಲದ ಸಾತಾರಾದಲ್ಲಿ ಇದು ಸಣ್ಣ ಮಾತಲ್ಲ. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದು ಬೋರ್ಡಿಂಗಿಗೆ ಶಾಹೂ ಮಹಾರಾಜರ ಹೆಸರಿಟ್ಟರು.

ದುಡ್ಡು ಎಲ್ಲಿಂದ? ಇಲ್ಲಿ ಭಾವೂರಾಯರ ಪತ್ನಿ ಲಕ್ಷ್ಮೀಬಾಯಿಯವರನ್ನು ನೆನೆಯಬೇಕು. ಉಳ್ಳವರ ಮನೆಯಿಂದ ಬಂದ ಹೆಣ್ಣುಮಗಳು, ಮಡಿಯಲ್ಲಿ ಬೆಳೆದವರು. ಬೋರ್ಡಿಂಗಿನ ಮಕ್ಕಳ ಹಸಿವು ನೋಡಲಾರದೆ ಮೈಮೇಲಿನ ಚಿನ್ನವನ್ನೆಲ್ಲ ಒಂದೊಂದಾಗಿ ತೆಗೆದುಕೊಟ್ಟರು. ಕೊನೆಗೆ ಕೊರಳಿನ ಮಂಗಳಸೂತ್ರವೂ ಹೋಯಿತು. 1930ರಲ್ಲಿ ತೀರಿಕೊಂಡರು. ನಮ್ಮ ಶಾಖೆಯಲ್ಲಿ ಚಿನ್ನದ ಮೇಲಿನ ಸಾಲಕ್ಕೆ ಬರುವ ಹೆಣ್ಣುಮಕ್ಕಳನ್ನು ದಿನಾ ನೋಡುತ್ತೇನೆ. ಎಲ್ಲ ಒಡವೆ ತಕ್ಕಡಿಗೆ ಬಂದರೂ ಮಂಗಳಸೂತ್ರದ ಹತ್ತಿರ ಕೈ ಒಂದು ಕ್ಷಣ ನಿಲ್ಲುತ್ತದೆ. ಊರಿನ ಯಾರದೋ ಮಕ್ಕಳ ರೊಟ್ಟಿಗಾಗಿ ಅದನ್ನೂ ಕೊಟ್ಟವರು ಆಕೆ. ರಾಕ್‌ಫೆಲ್ಲರರ ಲಕ್ಷಾಂತರ ಡಾಲರು ಒಂದು ತೂಕ, ಈ ಚಿನ್ನ ಇನ್ನೊಂದು ತೂಕ.

ಭಾವೂರಾಯರು ಅಷ್ಟಕ್ಕೇ ನಿಲ್ಲಲಿಲ್ಲ. 1947ರಲ್ಲಿ ಸಾತಾರಾದಲ್ಲಿ ಛತ್ರಪತಿ ಶಿವಾಜಿ ಕಾಲೇಜು ಶುರು ಮಾಡಿದರು. ಅಲ್ಲಿ ದುಡಿದು ಕಲಿಯುವ ಪದ್ಧತಿ ತಂದರು. ಹೊಲದಲ್ಲಿ, ಕಟ್ಟಡದ ಕೆಲಸದಲ್ಲಿ ಎಲ್ಲ ಜಾತಿಯ ಹುಡುಗರೂ ಜೊತೆಗೆ ಬೆವರು ಸುರಿಸಬೇಕು. 1959ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಮಹಾರಾಷ್ಟ್ರದ ಹಳ್ಳಿಹಳ್ಳಿಗಳಲ್ಲಿ ಅವರ ಶಾಲೆಗಳಿದ್ದವು. ಸಂಸ್ಥೆಯ ಗುರುತು ಆಲದ ಮರ. ಮುಂದಿನ ಸಲ ಊರಿಗೆ ಹೋಗುವಾಗ ರಸ್ತೆ ಬದಿಯ ಶಾಲೆಗಳ ಬೋರ್ಡು ಗಮನಿಸಿ, ಆಲದ ಮರ ಕಾಣಿಸುತ್ತದೆ.

ಇಂಥ ಕೆಲಸಕ್ಕೆ ವಿರೋಧ ನಮ್ಮ ದೇಶದಲ್ಲಿ ಮಾತ್ರ ಅಂದುಕೊಳ್ಳಬೇಡಿ. ನ್ಯೂಯಾರ್ಕಿನ ನಂತರ ಎಡ್ಮಂಡ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು. ಬೇಕೆಂದೇ ಪೀಡ್‌ಮಂಟ್ ಅವೆನ್ಯೂದಲ್ಲಿ ಜಾಗ ಆರಿಸಿದರು. ಅದು ಬಿಳಿಯ ವಿದ್ಯಾರ್ಥಿಗಳ ಸಂಘಗಳ ಬೀದಿ, ಬೇರೆ ಬಣ್ಣದವರನ್ನು ಒಳಗೆ ಬಿಟ್ಟುಕೊಳ್ಳದ ಮನೆಗಳವು. ಎಲ್ಲ ಬಣ್ಣದವರೂ, ಅದರಲ್ಲೂ ಹುಡುಗ ಹುಡುಗಿಯರು ಒಂದೇ ಕಟ್ಟಡದಲ್ಲಿ ಅಂದದ್ದೇ ಊರು ಉರಿದೆದ್ದಿತು. ಮನೆ ಮಾಲೀಕರಿಗೆ ತಮ್ಮ ಆಸ್ತಿಯ ಬೆಲೆ ಇಳಿಯುವ ಭಯ. ವಿರೋಧಿಸಲು ಎಂಟುನೂರಕ್ಕೂ ಹೆಚ್ಚು ಜನ ಸಭೆ ಸೇರಿದರು. ಆ ಸಿಟ್ಟಿನ ಸಭೆಯಲ್ಲಿ ಎದ್ದು ನಿಂತು ಯೋಜನೆಯ ಪರವಾಗಿ ಮಾತಾಡಿದವರು ಡಿಲೈಲಾ ಬೀಸ್ಲಿ ಎಂಬ ಕಪ್ಪು ಮಹಿಳೆ, ಓಕ್ಲೆಂಡ್ ಟ್ರಿಬ್ಯೂನ್ ಪತ್ರಿಕೆಗೆ ಬರೆಯುತ್ತಿದ್ದ ಪತ್ರಕರ್ತೆ. ಕೊನೆಗೆ 1930ರ ಆಗಸ್ಟ್‌ನಲ್ಲಿ ಮನೆ ತೆರೆಯಿತು. 1932ರಲ್ಲಿ ಶಿಕಾಗೊದಲ್ಲೂ ಒಂದಾಯಿತು. ಅತ್ತ ಪ್ಯಾರಿಸ್ಸಿನಲ್ಲಿ ಮೊದಲ ಮಹಾಯುದ್ಧದ ಗಾಯ ಆರುವ ಮುನ್ನವೇ, 1925ರಲ್ಲಿ, ದೇಶದೇಶಗಳ ವಿದ್ಯಾರ್ಥಿಗಳು ಒಟ್ಟಿಗೆ ಇರಲೆಂದೇ ಒಂದು ದೊಡ್ಡ ವಿದ್ಯಾರ್ಥಿ ನಗರ ಶುರುವಾಗಿತ್ತು. ಅಲ್ಲಿ ಮುಂದೆ ಭಾರತದ ಮನೆಯೂ ಆಯಿತು.

ಇದೆಲ್ಲ ಮಾಡಿ ಯುದ್ಧ ನಿಂತಿತೇ? ನಿಲ್ಲಲಿಲ್ಲ. 1942ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಜಪಾನೀ ಮೂಲದ ಜನರನ್ನೆಲ್ಲ ಮನೆಮಠ ಬಿಡಿಸಿ ಶಿಬಿರಗಳಿಗೆ ಅಟ್ಟಿದರು. ಅದರಲ್ಲಿ ವಿದ್ಯಾರ್ಥಿಗಳೂ ಇದ್ದರು. ಬರ್ಕ್ಲಿಯ ಆ ಸ್ನೇಹದ ಮನೆಯನ್ನೇ ಯುದ್ಧಕಾಲದಲ್ಲಿ ನೌಕಾಪಡೆ ಬಳಸಿಕೊಂಡಿತು. ಒಂದು ಹಾಸ್ಟೆಲ್ಲಿನಿಂದ, ಒಂದು ಭಾನುವಾರದ ಊಟದಿಂದ ಲೋಕಕ್ಕೆ ಶಾಂತಿ ಬರುತ್ತದೆ ಅಂತ ನಾನೂ ಹೇಳುವುದಿಲ್ಲ. ಬರೋಡಾದ ಬಡಿಗೆಗಳನ್ನು ನ್ಯೂಯಾರ್ಕಿನ ಕೋಣೆ ತಡೆಯಲಿಲ್ಲ. ಆದರೆ ಮೂರು ವರ್ಷದ ಮೇಲೆ ಲಂಡನ್ನಿನ ಹಡಗು ಹತ್ತಿಸಿತಲ್ಲ, ಅಷ್ಟು ನಿಜ. ಸ್ನೇಹದ ಫಲ ಹೀಗೆ ಒಬ್ಬರಿಂದ ಒಬ್ಬರಿಗೆ ಸಿಗುತ್ತದೆ, ಹೊತ್ತು ತೆಗೆದುಕೊಂಡು ಸಿಗುತ್ತದೆ.

ಇನ್ನು ನಮ್ಮ ಪುಣೆಯ ಕಥೆ. ಇದು ಇಲ್ಲಿನವರಿಗೆ ಗೊತ್ತು, ಆದರೂ ಹೇಳುತ್ತೇನೆ. ಫರ್ಗ್ಯುಸನ್ ಕಾಲೇಜಿನಲ್ಲಿ ಶಾಂತಾರಾಮ ಬಳವಂತ ಮುಜುಮದಾರ್ ಎಂಬ ಸಸ್ಯಶಾಸ್ತ್ರದ ಪ್ರಾಧ್ಯಾಪಕರಿದ್ದರು. ಹುಟ್ಟೂರು ಗಡಹಿಂಗ್ಲಜ. ನಮ್ಮ ಸಂಕೇಶ್ವರದ ಪಕ್ಕದ್ದೇ ಅನ್ನಿ, ಸಂತೆಗೆ ಹೋಗಿಬರುವಷ್ಟು ದೂರ. ಅವರು ಹುಡುಗರ ಹಾಸ್ಟೆಲ್ಲಿನ ರೆಕ್ಟರ್ ಕೂಡ ಆಗಿದ್ದರು. ಒಬ್ಬ ಹುಡುಗಿ ದಿನಾ ಬಂದು ಹಾಸ್ಟೆಲ್ಲಿನ ಒಂದು ಕಿಟಕಿಯಿಂದ ಒಳಗೆ ಏನೋ ಕೊಟ್ಟು ಹೋಗುವುದು ಅವರ ಕಣ್ಣಿಗೆ ಬಿತ್ತು. ರೆಕ್ಟರ್ ಅಂದಮೇಲೆ ಅನುಮಾನ ಬರಲೇಬೇಕಲ್ಲ! ವಿಚಾರಿಸಲು ಹೋದರು. ನೋಡಿದರೆ ಮಾರಿಷಸ್‌ನಿಂದ ಬಂದ ಹುಡುಗನೊಬ್ಬ ಕಾಮಾಲೆಯಾಗಿ ಹಾಸಿಗೆ ಹಿಡಿದಿದ್ದಾನೆ, ಕೇಳುವವರಿಲ್ಲ. ಅದೇ ದೇಶದ ಆ ಹುಡುಗಿ ಅವನಿಗೆ ಊಟ ತಂದುಕೊಡುತ್ತಿದ್ದಾಳೆ. ಹುಡುಗಿಯರು ಒಳಗೆ ಬರುವಂತಿಲ್ಲ, ಅದಕ್ಕೇ ಕಿಟಕಿ.

ನಿಯಮದ ಪ್ರಕಾರ ಗದರಿಸಿ ಕಳಿಸಬಹುದಿತ್ತು. ಬದಲಿಗೆ ಆ ಪ್ರಾಧ್ಯಾಪಕರಿಗೆ, ಈ ಊರಿಗೆ ಓದಲು ಬಂದ ಹೊರದೇಶದ ಮಕ್ಕಳಿಗೆ ಯಾರೂ ಇಲ್ಲವಲ್ಲ ಅನ್ನಿಸಿತು. 1971ರಲ್ಲಿ ಅವರಿಗಾಗಿ ಒಂದು ಸಂಸ್ಥೆ ಶುರು ಮಾಡಿದರು. ಸಸ್ಯಶಾಸ್ತ್ರದವರಲ್ಲವೇ, ಹೆಸರೂ ಅಲ್ಲಿಂದಲೇ ಬಂತು. ಎರಡು ಬೇರೆ ಜಾತಿಯ ಜೀವಿಗಳು ಒಂದಕ್ಕೊಂದು ಆಸರೆಯಾಗಿ ಬದುಕುವುದಕ್ಕೆ ಇರುವ ಪದ, ‘ಸಿಂಬಯೊಸಿಸ್’. ಈಗ ಆ ಹೆಸರು ಕೇಳಿದರೆ ಎಂ.ಬಿ.ಎ., ಪ್ರವೇಶ ಪರೀಕ್ಷೆ, ಲಕ್ಷಗಟ್ಟಲೆ ಫೀಸು ಮಾತ್ರ ನೆನಪಾಗುತ್ತದೆ. ಕಾನೂನು ಕಾಲೇಜು ಬಂದದ್ದು 1977ರಲ್ಲಿ, ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿದ್ದು 2002ರಲ್ಲಿ. ಅದಕ್ಕೂ ಮೊದಲು ಅದು ಹೊರದೇಶದ ಮತ್ತು ನಮ್ಮ ವಿದ್ಯಾರ್ಥಿಗಳು ಕಲೆಯುವ ಸಾಂಸ್ಕೃತಿಕ ಕೇಂದ್ರವಾಗಿತ್ತು ಎಂಬುದು ಇವತ್ತು ಅಲ್ಲಿ ಓದುವ ಎಷ್ಟೋ ಮಕ್ಕಳಿಗೇ ಗೊತ್ತಿಲ್ಲ. ಅಂದ ಹಾಗೆ, ಸೇನಾಪತಿ ಬಾಪಟ್ ರಸ್ತೆಯಲ್ಲಿ ಅದೇ ಸಂಸ್ಥೆಯ ಅಂಬೇಡ್ಕರ್ ವಸ್ತು ಸಂಗ್ರಹಾಲಯ ಇದೆ. ಬಾಬಾಸಾಹೇಬರ ಬಟ್ಟೆಬರೆ, ಮಂಚ, ಅವರು ನುಡಿಸುತ್ತಿದ್ದ ವಯೊಲಿನ್ ಎಲ್ಲ ಅಲ್ಲಿವೆ. ಊರಿನಿಂದ ನೆಂಟರು ಬಂದಾಗ ಶನಿವಾರವಾಡಾ ತೋರಿಸಿದ ಮೇಲೆ ನಾನು ಅಲ್ಲಿಗೂ ಕರೆದೊಯ್ಯುತ್ತೇನೆ.

ಒಬ್ಬ ಕನ್ನಡಿಗರ ಹೆಸರು ಹೇಳದೆ ಈ ಕಥೆ ಮುಗಿಸುವುದು ಸರಿಯಲ್ಲ. ಎಸ್.ಎನ್. ಸುಬ್ಬರಾವ್, 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಉತ್ತರ ಭಾರತದಲ್ಲಿ ‘ಭಾಯೀಜಿ’ ಎಂದೇ ಪರಿಚಿತರು. ಸದಾ ಖಾದಿ ಅಂಗಿ, ಅರ್ಧ ಚಡ್ಡಿ. ಚಂಬಲ್ ಕಣಿವೆಯ ಜೌರಾದಲ್ಲಿ ಆಶ್ರಮ ಕಟ್ಟಿದರು. 1972ರಲ್ಲಿ ಅಲ್ಲಿನ ಡಕಾಯಿತರು ಜಯಪ್ರಕಾಶ ನಾರಾಯಣರ ಮುಂದೆ ಶಸ್ತ್ರ ಕೆಳಗಿಟ್ಟದ್ದರ ಹಿಂದೆ ಇವರ ದುಡಿಮೆಯೂ ಇತ್ತು. ಜೀವನವಿಡೀ ಅವರು ಮಾಡಿದ ಇನ್ನೊಂದು ಕೆಲಸ ಯುವಜನರ ಶಿಬಿರಗಳು. ನಾನಾ ರಾಜ್ಯದ ಹುಡುಗ ಹುಡುಗಿಯರನ್ನು ಒಂದು ಕಡೆ ಸೇರಿಸುವುದು, ಬೆಳಿಗ್ಗೆ ಎಲ್ಲರೂ ಗುದ್ದಲಿ ಹಿಡಿದು ಶ್ರಮದಾನ, ಸಂಜೆ ಎಲ್ಲ ಭಾಷೆಗಳಲ್ಲಿ ಹಾಡು. 1969ರಲ್ಲಿ 37 ವಿಶ್ವವಿದ್ಯಾಲಯಗಳಲ್ಲಿ 40,000 ವಿದ್ಯಾರ್ಥಿಗಳೊಂದಿಗೆ ಸರಕಾರ ಎನ್.ಎಸ್.ಎಸ್. ಶುರು ಮಾಡಿತು. ನಮ್ಮಲ್ಲಿ ಅನೇಕರು ಅದರ ಕ್ಯಾಂಪಿಗೆ ಹೋದವರೇ. ಅಲ್ಲಿ ಕೇಳಿದ ಭಾಷಣ ಒಂದೂ ನೆನಪಿರುವುದಿಲ್ಲ. ಯಾರ ಜೊತೆ ಪಾತ್ರೆ ತೊಳೆದೆವು ಎಂಬುದು ಮರೆಯುವುದಿಲ್ಲ. ಇದು ಸುಬ್ಬರಾಯರಿಗೆ ಚೆನ್ನಾಗಿ ಗೊತ್ತಿತ್ತು. 2021ರ ಅಕ್ಟೋಬರ್‌ನಲ್ಲಿ ತೀರಿಕೊಂಡರು.

ಈಗ ನಮ್ಮ ಇಪ್ಪತ್ತು ಹಾಸಿಗೆಯ ಪ್ರಶ್ನೆ. ಬಳಗದ ಹಿರಿಯರೊಬ್ಬರು ಹೇಳಿದರು: “ನೋಡ್ರಿ, ಪರಊರಾಗ ನಮ್ಮ ಮಕ್ಕಳಿಗೆ ನಾವ ಆಗಬೇಕು. ಎಲ್ಲಾರಿಗೂ ಬಾಗಿಲ ತಗದ್ರ ನಮ್ಮವ್ರಿಗೇ ಜಾಗ ಸಿಗೂದಿಲ್ಲ.” ಇದು ತೆಗೆದುಹಾಕುವ ಮಾತಲ್ಲ. ಶಾಹೂ ಮಹಾರಾಜರ ಲೆಕ್ಕವೂ ಇದೇ ಆಗಿತ್ತು. ಅಥಣಿಯ ಹಳ್ಳಿಯಿಂದ ಮೊದಲ ಸಲ ಪುಣೆಗೆ ಬರುವ ಹುಡುಗಿಗೆ ಬಾಗಿಲಲ್ಲಿ ಕನ್ನಡದಲ್ಲಿ “ಬಾವಾ, ಊಟ ಆತೇನು?” ಅಂತ ಕೇಳುವ ಒಂದು ದನಿ ಬೇಕೇ ಬೇಕು. ನನಗೂ 1990ರ ದಶಕದಲ್ಲಿ ಇಲ್ಲಿ ಬಾಡಿಗೆ ಕೋಣೆ ಹುಡುಕುವಾಗ ಎರಡು ಕಡೆ ಊರು, ಅಡ್ಡಹೆಸರು ಕೇಳಿಯೇ ಬಾಗಿಲು ಹಾಕಿದ್ದರು. ಆ ಕಾಲದಲ್ಲಿ ನಮ್ಮವರದು ಅಂತ ಒಂದು ಜಾಗ ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸಿದ್ದು ಸುಳ್ಳಲ್ಲ.

ಆದರೆ ‘ನಮ್ಮವರು’ ಅಂದಕೂಡಲೇ ಆ ಪದ ಕುಗ್ಗತೊಡಗುತ್ತದೆ. ಕಳೆದ ಸಭೆಯಲ್ಲೇ ಆಯಿತು. ಮೊದಲು ಕನ್ನಡಿಗರಿಗೆ ಮಾತ್ರ ಅಂದರು. ಆಮೇಲೆ ಒಬ್ಬರು ಅಡುಗೆ ಮನೆಯ ಮಾತು ತೆಗೆದರು. ಇನ್ನೊಬ್ಬರು, ಅರ್ಜಿಯಲ್ಲಿ ಸಮಾಜದ ಕಾಲಂ ಇರಲಿ, ‘ಬರೀ ಮಾಹಿತಿಗೆ’ ಅಂದರು. ಅರ್ಧ ಗಂಟೆಯಲ್ಲಿ ಆರು ಕೋಟಿ ಕನ್ನಡಿಗರು ಕರಗಿ ಒಂದು ಓಣಿಯಷ್ಟಾಗಿದ್ದರು! ಕನ್ನಡದವರೇ ಆದ, ನಮ್ಮದೇ ಜಿಲ್ಲೆಯ, ಬೇರೆ ಧರ್ಮದ ಹುಡುಗ ಅರ್ಜಿ ಹಾಕಿದರೆ ಏನು ಮಾಡುತ್ತೀರಿ ಅಂತ ನಾನು ಕೇಳಿದೆ. ಯಾರೂ ಬೇಡ ಅನ್ನಲಿಲ್ಲ. ‘ಆಮೇಲೆ ನೋಡೋಣ’ ಅಂದರು. ಬರೋಡಾದ ಆ ಇಬ್ಬರು ಗೆಳೆಯರೂ ಬೇಡ ಅಂದಿರಲಿಲ್ಲ.

ಹಾಗಾಗಿ ಮುಂದಿನ ಸಭೆಗೆ ನಾನು ಬರೆದಿಟ್ಟುಕೊಂಡ ಪ್ರಸ್ತಾವ ಇದು. ಇಪ್ಪತ್ತರಲ್ಲಿ ಹನ್ನೆರಡು ಹಾಸಿಗೆ ಕರ್ನಾಟಕದಿಂದ ಬರುವ ಮಕ್ಕಳಿಗೆ, ಜಾತಿ-ಧರ್ಮ ಕೇಳುವಂತಿಲ್ಲ, ಅರ್ಜಿಯಲ್ಲಿ ಆ ಕಾಲಂ ಬೇಡ. ಎಂಟು ಹಾಸಿಗೆ ಬೇರೆಯವರಿಗೆ. ಮಣಿಪುರದವರು ಬರಲಿ, ಬಿಹಾರದವರು ಬರಲಿ, ಆಫ್ರಿಕಾದವರು ಬರಲಿ, ಇಲ್ಲೇ ಪಕ್ಕದ ಬೀಡ್ ಜಿಲ್ಲೆಯವರು ಬರಲಿ. ಒಂದು ಕೋಣೆಯಲ್ಲಿ ಒಂದೇ ಊರಿನವರನ್ನು ಹಾಕುವಂತಿಲ್ಲ. ಭಾನುವಾರ ರಾತ್ರಿ ಮೆಸ್ಸಿಗೆ ರಜೆ ಇಲ್ಲ. ಆ ರಾತ್ರಿಯ ಅಡುಗೆ ಮಕ್ಕಳದೇ, ಒಂದೊಂದು ವಾರ ಒಂದೊಂದು ಕೋಣೆಯವರದು. ಬಳಗದ ಒಂದೊಂದು ಕುಟುಂಬ ಸರದಿಯಂತೆ ಹೋಗಿ ಅವರ ಜೊತೆ ಅದೇ ಪಂಕ್ತಿಯಲ್ಲಿ ಕೂತು ಉಣ್ಣಬೇಕು. ಭಾಷಣ ಬೇಡ.

ಖರ್ಚಿನ ಅಂದಾಜನ್ನೂ ಹಾಕಿದ್ದೇನೆ. ತಿಂಗಳಿಗೆ ನಾಲ್ಕು ಭಾನುವಾರದ ಊಟಕ್ಕೆ ಬೀಳುವ ಹೆಚ್ಚುವರಿ ಖರ್ಚು, ನಾವು ರಾಜ್ಯೋತ್ಸವದ ಪೆಂಡಾಲಿಗೆ ಮತ್ತು ಹಾರ-ಶಾಲುಗಳಿಗೆ ಮಾಡುವ ಖರ್ಚಿನ ಮುಂದೆ ಏನೇನೂ ಅಲ್ಲ. ಯಾರೂ ಕೊರಳಿನ ಚಿನ್ನ ತೆಗೆದುಕೊಡಬೇಕಾಗಿಲ್ಲ. ಲಕ್ಷ್ಮೀಬಾಯಿಯವರು ಆ ಕಂತನ್ನು ನಮ್ಮೆಲ್ಲರ ಪರವಾಗಿ ಎಂದೋ ಕಟ್ಟಿದ್ದಾರೆ.

ಪ್ರಸ್ತಾವ ಪಾಸಾಗುತ್ತದೋ ಇಲ್ಲವೋ ಹೇಳಲಾರೆ. ನಮ್ಮ ಮನೆಯಲ್ಲಿ ನಾವಿಬ್ಬರೂ ಕೂತು ಮಾತಾಡಿದ್ದೇವೆ. ಮೊದಲ ಭಾನುವಾರದ ಸರದಿ ನಮ್ಮದು ಅಂತ ಬರೆಸುವುದೆಂದು ನಿರ್ಧಾರವಾಗಿದೆ. ನೀವಿರುವ ಊರಿನಲ್ಲಿ, ಮುಂಬಯಿಯೋ ಹೈದರಾಬಾದೋ ದಿಲ್ಲಿಯೋ, ನಿಮ್ಮ ಬಳಗದ ಬಾಗಿಲು ಹೇಗಿದೆ? ಒಮ್ಮೆ ನೋಡಿಕೊಳ್ಳಿ. ಮತ್ತೆ ಸಿಗೋಣ.